ಅಂಕ ಕೊಡದ ಅತಿಥಿ

"ರೀ... ಯಾರಾದ್ರೂ ಇದೀರಾ? ಬಿಸಿನೀರು ನಿಂತುಹೋಯ್ತು!"

ಮಹಡಿಯ ಮೂಲೆ ಕೋಣೆಯಿಂದ ಬಂದ ಆ ಕೂಗಿಗೆ ಅವಳ ಎದೆ ಧಸಕ್ಕೆಂದಿತು. ಎಷ್ಟೋ ವಾರಗಳ ಮೇಲೆ ಅವಳ ವಸತಿಗೃಹಕ್ಕೆ ಬಂದ ಒಬ್ಬನೇ ಒಬ್ಬ ಅತಿಥಿ. ಅವನಿಗೇ ಹೀಗಾಗಬೇಕೆ!

ಅಡುಗೆಮನೆಯ ಒಲೆಯ ಮೇಲೆ ಕಾಯುತ್ತಿದ್ದ ನೀರನ್ನು ಬಕೆಟ್ಟಿಗೆ ಸುರಿದುಕೊಂಡು ಮೆಟ್ಟಿಲು ಹತ್ತಿದಳು. ಬಾಗಿಲು ಅರ್ಧ ತೆರೆಯಿತು. ತಲೆ ತುಂಬ ಸೋಪಿನ ನೊರೆ, ಒಂದು ಕಣ್ಣು ಮುಚ್ಚಿದೆ, ಇನ್ನೊಂದು ಕೆಂಪಾಗಿದೆ, ಮೈಮೇಲೆ ಅವಸರದಲ್ಲಿ ತಿರುಗಾಮುರುಗಾ ಹಾಕಿಕೊಂಡ ಅಂಗಿ.

ನಗಬಾರದು... ನಗಬಾರದು... ಅಂದುಕೊಳ್ಳುತ್ತಲೇ ಅವಳು ನಕ್ಕುಬಿಟ್ಟಳು.

"ನಗ್ತೀರಾ? ಇಲ್ಲಿ ಕಣ್ಣು ಉರಿದುಹೋಗ್ತಿದೆ!"

"ಕ್ಷಮಿಸಿ... ನಿಜವಾಗ್ಲೂ ಕ್ಷಮಿಸಿ. ಪೈಪು ಹಳೇದು. ಒಂದೊಂದ್ಸಲ ಮುನಿಸ್ಕೊಂಡ್ಬಿಡುತ್ತೆ."

"ಮುನಿಸ್ಕೊಂಡಾಗ ಏನ್ಮಾಡ್ತೀರಿ?"

"ಹೀಗೆ ಬಕೆಟ್ ತಂದು ಸಮಾಧಾನ ಮಾಡ್ತೀವಿ."

ಅವನು ಸಿಟ್ಟು ಮಾಡಲು ನೋಡಿದ. ಅಷ್ಟರಲ್ಲಿ ನೊರೆ ಜಾರಿ ಮೂಗಿನ ತುದಿಗೆ ಬಂತು. ಅವನೂ ನಕ್ಕ. ಅಪ್ಪ ಹೋದ ಮೇಲೆ ಆ ಮಹಡಿಯಲ್ಲಿ ಯಾರೂ ಅಷ್ಟು ಗಟ್ಟಿಯಾಗಿ ನಕ್ಕಿರಲಿಲ್ಲ. ಅವಳು ಬಕೆಟ್ಟು ಅಲ್ಲೇ ಇಟ್ಟು ದಡದಡನೆ ಕೆಳಗಿಳಿದಳು.

ಆ ವಸತಿಗೃಹ ಅಪ್ಪ ಕಟ್ಟಿಸಿದ್ದು. ಸರೋವರದ ಸುತ್ತ ಮೂರು ದೇಶ. ಮೂರು ದಡಕ್ಕೂ ಭಾಷೆ ಒಂದೇ, ಪಾಸ್‌ಪೋರ್ಟು ಮಾತ್ರ ಬೇರೆ. ಒಂದು ಕಾಲದಲ್ಲಿ ಲಾಂಚುಗಳು ಮೂರೂ ದಡ ಸುತ್ತುತ್ತಿದ್ದವು. ಆಮೇಲೆ ದೊಡ್ಡವರ ನಡುವೆ ಏನೋ ಜಗಳವಾಗಿ ಗಡಿ ಮುಚ್ಚಿತು. ಲಾಂಚು ನಿಂತಿತು. ಕೋಣೆಗಳು ಒಂದೊಂದಾಗಿ ಖಾಲಿಯಾದವು. ಕೊನೆಗೆ ಅಪ್ಪನೂ ಹೋದರು.

ಈಗ ಮೂರೂ ಸರ್ಕಾರಗಳು ರಾಜಿಯಾಗಿದ್ದವು. ಒಂದೇ ಟಿಕೆಟ್ಟು, ಒಂದೇ ಪರವಾನಗಿ, ಮೂರು ದೇಶದ ಪ್ರವಾಸ! ದಡದ ವಸತಿಗೃಹಗಳನ್ನು ಪರೀಕ್ಷಿಸಿ, ಚೆನ್ನಾಗಿದ್ದರೆ ಒಂದು ನೀಲಿ ಫಲಕ ಕೊಡುತ್ತಾರಂತೆ. ಫಲಕ ಇದ್ದಲ್ಲಿಗೇ ಪ್ರವಾಸಿಗರು, ಫಲಕ ಇದ್ದವರನ್ನೇ ಬ್ಯಾಂಕು ಮಾತಾಡಿಸುವುದು. ಇಲ್ಲದವರ ಮನೆಗಳನ್ನು ಕೊಳ್ಳಲು ಹೊರಗಿನ ಕಂಪನಿಯವರು ಈಗಾಗಲೇ ಬಂದು ಕೂತಿದ್ದರು. ಕೆಡವಿ ದೊಡ್ಡ ಹೋಟೆಲು ಕಟ್ಟುತ್ತಾರಂತೆ.

ಫಲಕ ಬರದಿದ್ದರೆ ಅಪ್ಪನ ಮನೆ ಉಳಿಯುವುದಿಲ್ಲ. ಅವಳಿಗೆ ಅಂತ ಇದ್ದದ್ದು ಅದೊಂದೇ. ಪರೀಕ್ಷೆಗೆ ಅಧಿಕಾರಿಗಳು ಕಾರಿನಲ್ಲಿ ಬರುತ್ತಾರೆಂದು ಅವಳು ದಿನಾ ಬೆಳಗ್ಗೆ ರಸ್ತೆ ನೋಡುತ್ತಿದ್ದಳು.

ಆ ಮನೆಯಲ್ಲಿ ಅತಿಥಿಗಳಿಗೆ ಹೆಸರಿಲ್ಲ, ಕೋಣೆಯೇ ಹೆಸರು. ಅಡುಗೆ ಮಾಡಲು ಪಕ್ಕದ ಬೀದಿಯಿಂದ ಬರುತ್ತಿದ್ದ ಸೋದರತ್ತೆ ಎರಡೇ ದಿನದಲ್ಲಿ ಕೀಟಲೆ ಶುರುಮಾಡಿದರು.

"ಪುಟ್ಟೀ, ನಿನ್ನ ಮೂಲೆ ಕೋಣೆಗೆ ಟೀ ಬೇಕಂತೆ."

"ನನ್ನ ಮೂಲೆ ಕೋಣೆ ಅಂದ್ರೇನತ್ತೆ? ಸುಮ್ನಿರಿ!"

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೋತೀಯಲ್ಲೇ! ನಾನು ಟೀ ವಿಷಯ ಹೇಳಿದ್ದು."

ಮೂಲೆ ಕೋಣೆಯವನು ಆಚೆ ದಡದ ದೇಶದವನು. ಏನು ಕೆಲಸ ಎಂದರೆ, "ಸುತ್ತಾಟದ ಕೆಲಸ" ಎಂದು ಮಾತು ತೇಲಿಸುತ್ತಿದ್ದ. ಎಲ್ಲದರ ಮೇಲೂ ಅವನಿಗೆ ಕುತೂಹಲ. ಕಿಟಕಿಯ ಚಿಲಕ ಎಳೆದು ನೋಡುವನು, ದಿಂಬು ಅದುಮಿ ನೋಡುವನು, "ಈ ಮೆಟ್ಟಿಲು ನಿಮ್ಮ ತಂದೆ ಕಾಲದ್ದಾ?" ಎಂದು ಕೇಳುವನು. ನಮ್ಮ ಮನೆಯನ್ನು ಇಷ್ಟು ಅಕ್ಕರೆಯಿಂದ ನೋಡುವವನೂ ಒಬ್ಬನಿದ್ದಾನಲ್ಲ ಎಂದು ಅವಳು ಒಳಗೊಳಗೇ ಹಿಗ್ಗಿದಳು.

ಒಂದು ಸಂಜೆ ಅವನು ಕೇಳಿಯೇಬಿಟ್ಟ. "ಒಂದು ಮಾತು. ಎಲ್ಲಾ ಕೋಣೇಲೂ ದೀಪ ಉರೀತಿದೆ. ಆದ್ರೆ ಯಾವ ಕೋಣೇಲೂ ಸದ್ದಿಲ್ಲ. ಯಾಕೆ?"

ಅವಳ ಮುಖ ಸಣ್ಣಗಾಯಿತು. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಯಾರೂ ಇಲ್ಲ. ನಾನೇ ಹಾಕ್ತೀನಿ. ನೀರಿನ ಕಡೆಯಿಂದ ನೋಡೋರಿಗೆ ಮನೆ ತುಂಬಿದೆ ಅನ್ನಿಸ್ಲಿ ಅಂತ. ಆಮೇಲೆ... ಅತ್ತೆ ಸಂಜೆಗೆ ಹೊರಟುಹೋಗ್ತಾರೆ. ಅವರಿಗೆ ಮೊಮ್ಮಕ್ಕಳು, ಸೊಸೆ, ಗಲಾಟೆ. ನನಗೆ ಕತ್ತಲಿರೋ ಬಾಗಿಲುಗಳ ಮುಂದೆ ಒಬ್ಬಳೇ ಓಡಾಡೋಕಾಗಲ್ಲ."

ಅವನು ಸಾಲಾಗಿ ಉರಿಯುತ್ತಿದ್ದ ದೀಪಗಳತ್ತ ನೋಡಿದ.

"ನನಗೆ ಊರೂರಲ್ಲೂ ಒಂದೊಂದು ಕೋಣೆ ಇದೆ," ಎಂದ. "ಬೆಳಗ್ಗೆ ಎದ್ದಾಗ ಯಾವ ಊರು ಅಂತ ಗೋಡೆ ನೋಡಿ ನೆನಪು ಮಾಡ್ಕೋಬೇಕು. ಎದ್ರಾ, ತಿಂದ್ರಾ ಅಂತ ಕೇಳೋರೆಲ್ಲ ದುಡ್ಡು ತಗೊಂಡು ಕೇಳೋರೇ."

"ನಾನೂ ಅವರಲ್ಲೇ ಒಬ್ಬಳಲ್ವಾ?"

"ಮೊದಲ ದಿನ ಹೌದು."

ಮರುದಿನ ಸಂಜೆ ದೀಪ ಹಾಕಲು ಹೊರಟಾಗ ಅವನೂ ಜೊತೆಗೆ ಬಂದ. ಒಂದು ಸಾಲು ಅವಳದು, ಎದುರು ಸಾಲು ಅವನದು. ಕೊನೆಯ ಬಾಗಿಲಿನ ಹತ್ತಿರ ಇಬ್ಬರೂ ನಿಂತರು. ಅವನು ಏನೋ ಹೇಳಲು ಬಾಯಿ ತೆರೆದು, ಹೇಳದೆ, ಒಳಗೆ ಹೋಗಿಬಿಟ್ಟ.

*ಯಾಕೆ ಹೇಳಲಿಲ್ಲ? ನಾನೇ ಹೇಳಬೇಕಿತ್ತಾ?*

ಎರಡು ದಿನ ಕಳೆದು ಅವನು ಹೊರಟ. "ಬರ್ತೀನಿ... ಖಂಡಿತ ಬರ್ತೀನಿ," ಎಂದಷ್ಟೇ ಹೇಳಿದ. ಅವಳು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಳು.

ಅವನು ಮತ್ತೆ ಕಾಣಿಸಿದ್ದು ಸಭಾಂಗಣದ ವೇದಿಕೆಯ ಮೇಲೆ!

ಅಂದು ಫಲಕ ಪಡೆದ ಮನೆಗಳನ್ನು ಪ್ರಕಟಿಸುವ ದಿನ. ಮೂರು ದೇಶದ ಬಾವುಟ, ಮೂರು ದೇಶದ ಮಂತ್ರಿಗಳು, ಬಂಡವಾಳ ಹೂಡುವವರಿಗೆ ಮುಂದಿನ ಸಾಲು. ಅವಳು ಒಳ್ಳೆಯ ಸೀರೆಯುಟ್ಟು ಅತ್ತೆಯ ಕೈ ಹಿಡಿದುಕೊಂಡು ಹಿಂದೆ ಕೂತಿದ್ದಳು.

"ಪಕ್ಷಪಾತ ಆಗಬಾರದೆಂದು ಒಂದು ದೇಶದ ಮನೆಗಳಿಗೆ ಪಕ್ಕದ ದೇಶದ ಪರೀಕ್ಷಕರನ್ನು ಕಳಿಸಿದ್ದೆವು. ಗುಟ್ಟಾಗಿ, ಸಾಮಾನ್ಯ ಅತಿಥಿಗಳ ಹಾಗೆ. ಇಗೋ, ಇವರೇ ಆ ಪರೀಕ್ಷಕರು," ಎಂದರು ಮೈಕಿನವರು.

ಸಾಲಿನಲ್ಲಿ ಎದ್ದು ನಿಂತವರಲ್ಲಿ ಅವನೂ ಒಬ್ಬ.

ಅವಳು ಅತ್ತೆಯ ಕೈ ಬಿಟ್ಟಳು. ಆ ಚಿಲಕ... ಆ ದಿಂಬು... ಆ ಮೆಟ್ಟಿಲು... ಎಲ್ಲ ಪರೀಕ್ಷೆಯಾ? ದೀಪದ ವಿಷಯ ಕೇಳಿದ್ದೂ?

ಹೆಸರುಗಳನ್ನು ಓದಿದರು. ಅಕ್ಕಪಕ್ಕದ ಎಲ್ಲ ಮನೆಗಳೂ ಬಂದವು. ಅವಳ ಮನೆ ಬರಲಿಲ್ಲ.

ಚಪ್ಪಾಳೆಯ ನಡುವೆಯೇ ಅವಳು ಎದ್ದು ಹೊರನಡೆದಳು. ಅವನು ವೇದಿಕೆಯಿಂದ ಇಳಿದು ಓಡಿಬಂದು ಮೆಟ್ಟಿಲ ಮೇಲೆ ತಡೆದ.

"ಒಂದ್ನಿಮಿಷ ನಿಲ್ಲಿ!"

"ಯಾಕೆ? ಇನ್ನೂ ಏನಾದ್ರೂ ನೋಡೋದು ಉಳಿದಿದೆಯಾ? ನನ್ನ ಕಷ್ಟಾನೂ ದಿಂಬಿನ ಹಾಗೆ ಅದುಮಿ ನೋಡಿದ್ರಲ್ಲ... ಅದಕ್ಕೆಷ್ಟು ಅಂಕ ಕೊಟ್ರಿ?"

"ಹಾಗಲ್ಲ... ದಯವಿಟ್ಟು..."

"ಹಾಗಲ್ಲ ಅಂದ್ರೆ ಹೇಗೆ? ಹೇಳಿ!"

ಅವನು ಸಭಾಂಗಣದ ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿದ. "ನಾನೀಗ ಏನೂ ಹೇಳೋ ಹಾಗಿಲ್ಲ."

"ಹೇಳೋಕೆ ಇದ್ರೆ ತಾನೇ!" ಎಂದು ಅವಳು ಹಿಂತಿರುಗಿ ನೋಡದೆ ಹೋದಳು.

ಆಮೇಲಿನ ದಿನಗಳು ಹೇಗೆ ಕಳೆದವೋ! ಬೆಳಗ್ಗೆ ಕಸ ಗುಡಿಸುವಳು. ಯಾರೂ ಮಲಗದ ಹಾಸಿಗೆಯ ಚಾದರ ಕೊಡವಿ ಮತ್ತೆ ಹಾಸುವಳು. ಊಟದ ಕೋಣೆಯಲ್ಲಿ ಅಷ್ಟು ಕುರ್ಚಿಗಳಿದ್ದರೂ ಅಡುಗೆಮನೆಯಲ್ಲಿ ನಿಂತುಕೊಂಡೇ ಉಣ್ಣುವಳು. ಸಂಜೆಯ ದೀಪ ಹಾಕುವುದನ್ನು ಬಿಟ್ಟಳು. ಯಾರಿಗೆ ತೋರಿಸಲು? ಒಮ್ಮೊಮ್ಮೆ ಇಡೀ ದಿನ ತನ್ನ ದನಿ ತಾನೇ ಕೇಳಿರುತ್ತಿರಲಿಲ್ಲ. ಅವನ ಮೇಲೆ ಸಿಟ್ಟಿತ್ತು, ಬೇಕಾದಷ್ಟಿತ್ತು. ಆದರೆ ಮಹಡಿಯಲ್ಲಿ ಗಾಳಿಗೆ ಬಾಗಿಲು ಬಡಿದರೂ ಅವನೇ ಅನ್ನಿಸಿ ಮೆಟ್ಟಿಲವರೆಗೆ ಓಡುತ್ತಿದ್ದಳು. ಅದಕ್ಕಾಗಿ ತನ್ನ ಮೇಲೇ ಇನ್ನಷ್ಟು ಸಿಟ್ಟು.

"ಬೆಳ್ಳಗಿರೋದೆಲ್ಲ ಹಾಲಲ್ಲ ಕಣೇ. ಮರೆತುಬಿಡು ಆ ಮೋಸಗಾರನ್ನ," ಎಂದರು ಅತ್ತೆ. "ನಮ್ಮನೆಗೆ ಬಂದ್ಬಿಡು. ಒಬ್ಬಳೇ ಎಷ್ಟೂಂತ ಇರ್ತೀಯ?"

"ಇನ್ನು ಸ್ವಲ್ಪ ದಿನ ಅಲ್ವಾ ಅತ್ತೆ. ಕಂಪನಿಯವರಿಗೆ ಹೂಂ ಅಂದುಬಿಡ್ತೀನಿ."

ಅಷ್ಟರಲ್ಲಿ ದಪ್ಪ ಕನ್ನಡಕದ ಹೆಂಗಸೊಬ್ಬರು ಬಂದು ಬೀದಿ ಕಡೆಯ ಕೋಣೆ ಹಿಡಿದರು. ಟೀ ತಣ್ಣಗಿದೆ, ಕಿಟಕಿ ಕಿರುಗುಡುತ್ತೆ, ಕನ್ನಡಿ ಎತ್ತರದಲ್ಲಿದೆ... ಒಂದಲ್ಲ ಎರಡಲ್ಲ! ಹೇಗೂ ಮಾರುವ ಮನೆ, ಯಾರನ್ನು ಮೆಚ್ಚಿಸಬೇಕು? "ಬಿಸಿನೀರು ನಿಧಾನವಾಗಿ ಬರುತ್ತಮ್ಮ, ಪೈಪು ಹಳೇದು. ಬೇಕಂದ್ರೆ ನಾನು ಕಾಯಿಸಿ ತಂದುಕೊಡ್ತೀನಿ," ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಕಿಟಕಿಯ ಕೀಲಿಗೆ ಎಣ್ಣೆ ಬಿಟ್ಟಳು. ಕನ್ನಡಿ ಇಳಿಸಿದಳು. ಆ ಹೆಂಗಸಿಗೆ ಸಣ್ಣಗೆ ಜ್ವರ ಬಂದಾಗ ಪಕ್ಕದಲ್ಲಿ ಕೂತು ಹಣೆಗೆ ಒದ್ದೆ ಬಟ್ಟೆ ಹಾಕಿದಳು. ಅವರು ಹೋಗುವಾಗ ಥ್ಯಾಂಕ್ಸ್ ಕೂಡ ಹೇಳಲಿಲ್ಲ.

ಮುಂದಿನ ವಾರ ಇಬ್ಬರು ಕೆಲಸಗಾರರು ಏಣಿಯೊಂದಿಗೆ ಬಂದು ಬಾಗಿಲ ಮೇಲೆ ನೀಲಿ ಫಲಕ ಜಡಿದುಹೋದರು!

ಎರಡನೇ ಪರೀಕ್ಷೆಯಂತೆ. ಯಾಕೆ, ಏನು ಎಂದು ಆ ಕೆಲಸಗಾರರಿಗೂ ಗೊತ್ತಿಲ್ಲ. ಪರೀಕ್ಷೆಗೆ ಬಂದವರು ಆ ದಪ್ಪ ಕನ್ನಡಕದವರೇ ಇರಬೇಕು ಎಂದು ಅವಳಿಗೆ ಆಗ ಹೊಳೆಯಿತು. ಬ್ಯಾಂಕಿನವರು ತಾವಾಗಿಯೇ ಫೋನ್ ಮಾಡಿದರು. ಕಂಪನಿಯವರು ಮುಖ ದಪ್ಪ ಮಾಡಿಕೊಂಡು ಬೇರೆ ಮನೆ ಹುಡುಕಿಕೊಂಡು ಹೋದರು. ಅತ್ತೆ ಬೀದಿಗೆಲ್ಲ ಕೂಗಿ ಹೇಳಿದರು. ಅಪ್ಪನ ಮನೆ ಉಳಿಯಿತು.

ಅವಳು ಮಾತ್ರ ಫಲಕದ ಕೆಳಗೆ ನಿಂತು ಅತ್ತಳು. ಇಷ್ಟು ದೊಡ್ಡ ಸಂತೋಷವನ್ನು ಮೊದಲು ಯಾರಿಗೆ ಹೇಳಬೇಕು ಎಂದು ಯೋಚಿಸಿದರೆ, ನೆನಪಾದದ್ದು ಹೇಳಬಾರದವನ ಮುಖ.

ಮೂರು ದೇಶ ಸುತ್ತುವ ಮೊದಲ ಲಾಂಚು ದಡಕ್ಕೆ ಬಂದ ದಿನ ಮನೆ ಗಿಜಿಗುಟ್ಟಿತು. ಕೋಣೆಗಳೆಲ್ಲ ಭರ್ತಿ. ಮೆಟ್ಟಿಲ ಮೇಲೆ ಮಕ್ಕಳ ಓಟ, ಅಡುಗೆಮನೆಯಲ್ಲಿ ಅತ್ತೆಯ ಕೂಗಾಟ. ಇಷ್ಟು ಜನರ ಮಧ್ಯೆಯೂ ತಾನು ಒಬ್ಬಳೇ ಅನ್ನಿಸಿ ಅವಳು ತಲೆ ತಗ್ಗಿಸಿ ಕೀಲಿಕೈ ಹಂಚುತ್ತಿದ್ದಳು.

ಎದುರು ಒಂದು ನೆರಳು ಬಂದು ನಿಂತಿತು.

"ಕೋಣೆ ಖಾಲಿ ಇಲ್ಲ," ಎಂದಳು ತಲೆಯೆತ್ತದೆ.

"ಕೋಣೆ ಕೇಳೋಕೆ ಬಂದಿಲ್ಲ."

ಆ ದನಿ! ಕೈಯಲ್ಲಿದ್ದ ಕೀಲಿಕೈ ಮೇಜಿನ ಮೇಲೆ ಬಿತ್ತು. ಅವನು ಬಡವಾಗಿದ್ದ. ಕಣ್ಣಿನ ಸುತ್ತ ಕಪ್ಪು.

"ಮತ್ತೆ ಯಾಕೆ ಬಂದ್ರಿ? ಫೇಲ್ ಮಾಡಿದ ಮನೆ ಪಾಸಾಯ್ತಲ್ಲ, ಹೊಟ್ಟೆ ಉರೀತಾ?"

"ನಾನು ಫೇಲ್ ಮಾಡ್ಲಿಲ್ಲ. ಅಂಕಾನೇ ಕೊಡ್ಲಿಲ್ಲ."

"ಎರಡೂ ಒಂದೇ!"

"ಅಲ್ಲ... ಕೇಳಿ. ಸಂಬಂಧ ಇರೋ ಮನೆಗೆ ಪರೀಕ್ಷಕ ಅಂಕ ಕೊಡೋ ಹಾಗಿಲ್ಲ ಅಂತ ನಮ್ಮಲ್ಲಿ ನಿಯಮ."

"ನನಗೂ ನಿಮಗೂ ಎಂಥಾ ಸಂಬಂಧ?"

"ಕಚೇರೀಲೂ ಹಾಗೇ ಕೇಳಿದ್ರು. ಮೂರು ದೇಶದ ಅಧಿಕಾರಿಗಳೂ ಸಾಲಾಗಿ ಕೂತಿದ್ರು. ‘ಆ ಮನೆಯೊಡತಿ ನಿಮಗೇನಾಗ್ಬೇಕು?’ ಅಂದ್ರು."

ಅವಳು ಮೇಜಿನ ಮೇಲೆ ಬಾಗಿದಳು. "ಏನಂದ್ರಿ?"

"‘ಇನ್ನೂ ಏನೂ ಆಗಿಲ್ಲ ಸಾರ್. ಆದ್ರೆ ನನಗೆ ಅವರಂದ್ರೆ ಪ್ರಾಣ. ನಾನು ಏನು ಬರೆದ್ರೂ ಅದು ನ್ಯಾಯ ಆಗಲ್ಲ. ಬೇರೆಯವರನ್ನ ಕಳಿಸಿ’ ಅಂದೆ."

ಅವಳು ಹಾಗೇ ಕುರ್ಚಿಯ ಮೇಲೆ ಕುಸಿದಳು.

"ಮೂರು ದೇಶಕ್ಕೆ ಗೊತ್ತು... ನನಗೊಬ್ಬಳಿಗೆ ಗೊತ್ತಿಲ್ಲ!"

"ಎರಡನೇ ಪರೀಕ್ಷೆ ಮುಗಿಯೋ ತನಕ ಹೇಳೋ ಹಾಗಿರ್ಲಿಲ್ಲ. ಆ ಸಭೆ ಆದ್ಮೇಲೆ ನಾನು ಈ ದಡಕ್ಕೆ ಕಾಲಿಟ್ಟಿದ್ರೂ ಅದು ರದ್ದಾಗ್ತಿತ್ತು. ನನ್ನ ಬೈಕೊಂಡ್ರೂ ಸರಿ, ನಿಮ್ಮ ಮನೆ ಉಳೀಲಿ ಅಂದ್ಕೊಂಡೆ."

ಅಡುಗೆಮನೆ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಅತ್ತೆ ತಡೆಯಲಾರದೆ ಬಾಯಿ ಹಾಕಿದರು. "ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ್ರಂತೆ! ಪಾಪ, ಈ ಹುಡುಗನ್ನ ಎಷ್ಟು ಬೈದ್ವಲ್ಲೇ!"

"ನೀವೂ ಬೈದ್ರಾ ಅತ್ತೆ?" ಎಂದ ಅವನು.

"ನಾನೇ ಜಾಸ್ತಿ ಬೈದಿದ್ದು ಕಣಪ್ಪಾ," ಎಂದು ಅವರು ಸೌಟಿನ ಸಮೇತ ಒಳಗೆ ಮಾಯವಾದರು.

ಅವಳ ಕಣ್ಣೀರು ಕಟ್ಟೆಯೊಡೆಯಿತು. "ನಾನೆಷ್ಟು ಒಂಟಿಯಾಗಿದ್ದೆ ಗೊತ್ತಾ? ಬಾಗಿಲು ಬಡಿದ್ರೂ ನೀವೇ ಅಂದ್ಕೊಂಡು ಓಡ್ತಿದ್ದೆ..."

"ನಾನು ಆಚೆ ದಡದಲ್ಲಿ ನಿಂತು ಈ ಕಡೆ ನೋಡ್ತಿದ್ದೆ. ಮನೆ ಕತ್ತಲಾಗಿರ್ತಿತ್ತು. ಅದನ್ನ ನೋಡೋಕೆ ಆಗ್ತಿರ್ಲಿಲ್ಲ." ಅವನ ದನಿಯೂ ಒಡೆದಿತ್ತು. "ಆ ಕೆಲಸ ಬಿಟ್ಟೆ. ಈಗ ಇಲ್ಲೇ ಲಾಂಚಿನ ಕಚೇರಿ ನೋಡ್ಕೋತೀನಿ. ಪರೀಕ್ಷಕ ಅಲ್ಲ... ಈಗಾದ್ರೂ ಹೇಳ್ಲಾ, ನಿಮ್ಮ ಮನೆಗೆ ಎಷ್ಟು ಅಂಕ ಕೊಡ್ತಿದ್ದೆ ಅಂತ?"

ಅವಳು ಕಣ್ಣೊರೆಸಿಕೊಂಡು ತಲೆ ಅಲ್ಲಾಡಿಸಿದಳು.

"ನೀವು ಹೇಳೋ ಹಾಗಿಲ್ಲ."

"ಯಾಕೆ?"

"ಸಂಬಂಧ ಇರೋರು ಅಂಕ ಕೊಡಬಾರದು ಅಂತ ನಿಯಮ ಇದೆಯಲ್ಲ."

ಪೆದ್ದನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು.

"ಹಾಗಾದ್ರೆ... ಸಂಬಂಧ ಇದೆಯಾ?"

"ಮೂರು ದೇಶದ ಮುಂದೆ ಹೇಳ್ಬಿಟ್ಟು ಬಂದು, ಈಗ ನನ್ನ ಕೇಳ್ತೀರಾ?" ಎಂದು ಅವಳು ಅವನ ಕೈ ಹಿಡಿದುಕೊಂಡಳು. "ಇದೆ ಕಣ್ರೀ... ಆವತ್ತಿಂದಾನೇ ಇದೆ."