ಅಪ್ಪನ ಹೆಸರಿನಡಿ ಇಪ್ಪತ್ತಮೂರು

ತೋಂಟದಾರ್ಯ ಚಿಕ್ಕನಾಯಕನಹಳ್ಳಿಯಲ್ಲಿ ಬಸ್ಸಿಳಿದ. ಕಿಬ್ಬನಹಳ್ಳಿ ದಾಟಿದಾಗಿನಿಂದ ಒಂದೇ ಮಾತನ್ನು ಒಳಗೊಳಗೇ ಹೇಳಿಕೊಳ್ಳುತ್ತ ಬಂದಿದ್ದ: "ತಪ್ಪು ನಂದೇ ಮೇಡಂ." ಗಿರಿಜಾಂಬಿಕಾಳ ಮುಖ ನೆನಪಾದ ಕೂಡಲೇ ಆ ಮೂರು ಪದವೂ ಮರೆತುಹೋಗುತ್ತಿದ್ದವು.

ಬೆಂಗಳೂರಿನ ಸಂಶೋಧನಾ ಸಂಸ್ಥೆಯೊಂದರ ಲೈಬ್ರರಿಯಲ್ಲಿ ಅವನು ಟೆಂಪರರಿ ಗುಮಾಸ್ತ. ಅವಳು ಅಲ್ಲಿಯೇ ಪಳೆಯುಳಿಕೆಗಳ ಸಂಶೋಧಕಿ. ತನ್ನೂರಿನ ಗುಡ್ಡಗಳಲ್ಲಿ ಕೋಸಿನ ಎಸಳಿನಂತೆ ಪದರಪದರವಾದ ಕಲ್ಲುಗಳಿವೆ, ಅವನ್ನು ಯಾವುದೋ ಕಾಲದಲ್ಲಿ ಕಣ್ಣಿಗೆ ಕಾಣದ ಜೀವಗಳು ಕಟ್ಟಿದವು ಎಂದು ಬರೆದವಳು. ಪುಸ್ತಕ ಕೇಳಲು ಬಂದಾಗ ಕೌಂಟರಿನ ಮೇಲೆ ಮೊಣಕೈಯೂರಿ, "ಇನ್ನೂ ಸಿಗಲಿಲ್ವೇನ್ರೀ?" ಎಂದು ಹುಬ್ಬೇರಿಸುತ್ತಿದ್ದಳು. ಸಿಕ್ಕಿದ್ದರೂ ಅವನು ಒಮ್ಮೊಮ್ಮೆ ಇನ್ನೆರಡು ನಿಮಿಷ ಹುಡುಕುತ್ತಿದ್ದ.

ಸಾವಿರದ ಒಂಬೈನೂರ ಎಂಬತ್ತೆರಡರ ಆ ವಾರ ಅವಳ ಕೆಲಸ ಖಾಯಂ ಮಾಡುವ ವಿಚಾರ ಎದ್ದಿತ್ತು. ಅವಳು ಎಷ್ಟು ಲೇಖನ ಬರೆದಿದ್ದಾಳೆ, ಅವುಗಳನ್ನು ಬೇರೆ ವಿಜ್ಞಾನಿಗಳು ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂದು ಆಯ್ಕೆ ಸಮಿತಿ ಲೆಕ್ಕ ಕೇಳಿತು. ಹತ್ತು ಉಲ್ಲೇಖವಾದರೂ ಇಲ್ಲದವರಿಗೆ ಇಂಟರ್‌ವ್ಯೂ ಇಲ್ಲ. ಯಾರ ಲೇಖನವನ್ನು ಯಾರು ಉಲ್ಲೇಖಿಸಿದ್ದಾರೆಂದು ಪಟ್ಟಿಮಾಡಿ ಅಮೆರಿಕದಿಂದ ಬರುವ ದಪ್ಪ ಸೈಟೇಶನ್ ಇಂಡೆಕ್ಸ್ ಸಂಪುಟಗಳನ್ನು ಹರಡಿಕೊಂಡು ತೋಂಟದಾರ್ಯ ಅವಳ ಹೆಸರು ಹುಡುಕಿದ. ಲೇಖನ ಐದು, ಉಲ್ಲೇಖ ಎರಡು. ಗುರುವಾರ ಸಮಿತಿಗೆ ಅದನ್ನೇ ಬರೆದುಕೊಟ್ಟ.

ಶುಕ್ರವಾರ ಸಂಪುಟಗಳನ್ನು ಎತ್ತಿಡುವಾಗ ಒಂದು ಪುಟದ ಮೇಲೆ ಕಣ್ಣು ನಿಂತಿತು. ಮಲ್ಲಿಕಾರ್ಜುನಯ್ಯ, ಜಿ. ಅದು ಅವಳ ಅಪ್ಪನ ಹೆಸರು. ವಿದೇಶಿ ಪತ್ರಿಕೆಗೆ ಕಳಿಸಿದ ಒಂದು ಲೇಖನದಲ್ಲಿ ಅವಳು ತನ್ನ ಹೆಸರಿನ ಕೊನೆಗೆ ಅಪ್ಪನ ಹೆಸರು ಸೇರಿಸಿದ್ದಳು. ಇಂಡೆಕ್ಸ್ ಮಾಡಿದವರು ಕೊನೆಯ ಹೆಸರನ್ನೇ ಮನೆತನದ್ದೆಂದು ತಿಳಿದು ಅದರಡಿ ಹಾಕಿದ್ದರು. ಎಲ್ಲ ಸಂಪುಟಗಳನ್ನೂ ಮತ್ತೆ ತೆಗೆದು ಅದರ ಕೆಳಗಿದ್ದದ್ದನ್ನು ಎಣಿಸಿದ. ಇಪ್ಪತ್ತಮೂರು.

ಅವಳು ತನ್ನೂರು ಚಿಕ್ಕನಾಯಕನಹಳ್ಳಿಗೆ ಹೋಗಿದ್ದಳು. ಸಮಿತಿ ಸೇರುವುದು ಸೋಮವಾರ. ಅದು ಅವಳದೇ ಎಂದು ತೋರಿಸಲು ಬೇಕಾದ ಆ ಲೇಖನದ ಅಚ್ಚಾದ ಪ್ರತಿ ಅವಳ ಬಳಿ ಮಾತ್ರ ಇತ್ತು. ಶನಿವಾರ ಬೆಳಗ್ಗೆಯೇ ಅವನು ಬಸ್ಸು ಹತ್ತಿದ್ದ.

ಮನೆಯ ಮುಂದೆ ಕೊಬ್ಬರಿ ವ್ಯಾಪಾರಿ ಮಲ್ಲಿಕಾರ್ಜುನಯ್ಯನವರೇ ನಿಂತಿದ್ದರು. "ಬೆಳಗ್ಗಿಂದ ಗುಡ್ಡದ ಹತ್ರ ಕುಂತವ್ಳೆ ಕಣಪ್ಪ, ಅನ್ನ ನೀರು ಬ್ಯಾಡ ಅಂತ. ಯಾವನೋ ಬರೀ ಎರಡು ಅಂತ ಬರ್ದವ್ನಂತೆ. ನಿನ್ನೆ ಆಫೀಸಿಂದ ಯಾರೋ ಫೋನ್ ಮಾಡಿದ್ರು. ಸಿಕ್ಲಿ ಬುಡು ಅವ್ನು, ಮಾಡ್ತೀನಿ!"

"ಹೌದಾ ಸಾರ್," ಎಂದು ತೋಂಟದಾರ್ಯ ಗುಡ್ಡದ ದಾರಿ ಹಿಡಿದ.

ಗುಡ್ಡದ ಬಳಿ ಅವಳು ಬಂಡೆಗೊರಗಿ ಕೂತಿದ್ದಳು. ಅತ್ತು ಕಣ್ಣು ಊದಿತ್ತು. ಅವನನ್ನು ನೋಡಿ ಸೆರಗು ಸರಿಮಾಡಿಕೊಂಡಳು.

"ಆರು ವರ್ಷ ಕಣ್ರೀ. ಎರಡೇ ಎರಡು ಜನ ನೋಡಿದ್ದಾರೆ. ಎಣಿಸಿದ್ದು ಯಾರು ಗೊತ್ತಾ?"

"ನಾನೇ," ಎಂದ. ಅವಳು ಮುಖ ತಿರುಗಿಸುವ ಮೊದಲೇ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದ. ಅವಳು ಕೇಳಿಸಿಕೊಂಡಳು. ಆಮೇಲೆ ನಗುವೋ ಅಳುವೋ ತಿಳಿಯದ ಹಾಗೆ, "ಅಪ್ಪನ ಹೆಸರಿನಲ್ಲಾ?" ಎಂದಳು.

"ಆ ಪ್ರತಿ ಕೊಡಿ. ಸೋಮವಾರ ತಪ್ಪು ಒಪ್ಕೋತೀನಿ."

ನಗು ನಿಂತುಹೋಯಿತು. "ನಿಮ್ಮನ್ನ ಕೆಲಸದಿಂದ ತೆಗೀತಾರೆ."

"ತೆಗೀಬಹುದು."

"ಅಷ್ಟೇ ಅಲ್ಲ. ಎರಡು ಇದ್ದದ್ದು ಇಪ್ಪತ್ತೈದಾದ್ರೆ, ಇವನಿಗೂ ಅವಳಿಗೂ ಏನಾದ್ರೂ ಇದೆಯಾ ಅಂತ ಕೇಳ್ತಾರೆ." ಅವನನ್ನೇ ನೋಡುತ್ತ ಮೆಲ್ಲಗೆ ಕೇಳಿದಳು: "ಏನಂತೀರಿ ಆಗ?"

ಇಲ್ಲ ಎಂದರೆ ಸುಳ್ಳು, ಇದೆ ಎಂದರೆ ಅವಳಿಗೆ ಸಿಗಬೇಕಾದ್ದೂ ಕೈತಪ್ಪೀತು. ತೋಂಟದಾರ್ಯ ನೆಲ ನೋಡುತ್ತ ನಿಂತುಬಿಟ್ಟ. ಅವಳು ಎದ್ದು ಸೀರೆಯ ಧೂಳು ಕೊಡವಿಕೊಂಡಳು. "ಬನ್ನಿ, ಪ್ರತಿ ಕೊಡ್ತೀನಿ," ಎಂದಳು.

ಸೋಮವಾರ ಸಮಿತಿಯ ಐದು ಜನರ ಮುಂದೆ ಅವನು ಆ ಪ್ರತಿಯನ್ನೂ ಹೊಸ ಲೆಕ್ಕವನ್ನೂ ಇಟ್ಟ. ಅಧ್ಯಕ್ಷರು ಕನ್ನಡಕದ ಮೇಲಿಂದ ನೋಡಿ, ಅವಳು ಹೇಳಿದ ಪ್ರಶ್ನೆಯನ್ನೇ ಕೇಳಿದರು.

"ಇದೆ ಸರ್. ನನ್ನ ಕಡೆಯಿಂದ. ಅವರಿಗೆ ಗೊತ್ತಿಲ್ಲ. ಅದಕ್ಕೇ ನನ್ನ ಎಣಿಕೆ ನಂಬಬೇಡಿ, ನೀವೇ ಎಣಿಸಿ."

ಅಧ್ಯಕ್ಷರು ಸಂಪುಟಗಳನ್ನು ತರಿಸಿ, ಬೆರಳಿಟ್ಟು ಒಂದೊಂದೇ ಸಾಲು ಎಣಿಸಿದರು. ಆ ಅರ್ಧ ಗಂಟೆ ಅವನು ಗೋಡೆ ಹಿಡಿದು ನಿಂತಿದ್ದ.

"ಇಪ್ಪತ್ತಮೂರಲ್ಲ, ಇಪ್ಪತ್ತನಾಲ್ಕು," ಎಂದರು ಅವರು. "ಇಲ್ಲೂ ಒಂದು ಬಿಟ್ಟಿದ್ದೀಯ. ಅವರನ್ನ ಇಂಟರ್‌ವ್ಯೂಗೆ ಕರೀತೀವಿ. ನಿನ್ನ ಕೆಲಸ ಮಾತ್ರ ಈ ತಿಂಗಳ ಕೊನೆಗೆ ಸಾಕು."

ಮಂಗಳವಾರ ಮತ್ತೆ ಅದೇ ಬಸ್ಸು. ಈ ಸಲ ಹೆದರಿಕೆ ಬೇರೆಯದು.

ತೆಂಗಿನ ತೋಟದಲ್ಲಿ ಮಲ್ಲಿಕಾರ್ಜುನಯ್ಯ ಕಾಯಿ ಸುಲಿಸುತ್ತಿದ್ದರು. ಗಿರಿಜಾಂಬಿಕಾ ಬಾವಿಕಟ್ಟೆಯ ಬಳಿಗೆ ಓಡಿ ಬಂದಳು. ಸುದ್ದಿ ಕೇಳಿ ಕಣ್ಣು ತುಂಬಿಕೊಂಡಳು. ಅವನ ಕೆಲಸದ ವಿಷಯ ಕೇಳಿ ತುಟಿ ಕಚ್ಚಿದಳು.

"ಆ ಪ್ರಶ್ನೆ ಕೇಳಿದ್ರಾ?"

"ಕೇಳಿದ್ರು."

"ಏನಂದ್ರಿ?"

ಅವನು ಬಾವಿಯೊಳಗೆ ನೋಡಿದ. ಕೈ ನಡುಗುತ್ತಿತ್ತು. "ಇದೆ ಅಂದೆ."

"ಐದು ಜನರ ಮುಂದೆ ಹೇಳಿದವರು, ನನ್ನೊಬ್ಬಳ ಮುಂದೆ ಇಷ್ಟೊಂದು ನಡುಗ್ತೀರಲ್ರೀ?"

"ಅಲ್ಲಿ ಯಾರೂ ಹೂಂ ಅನ್ನಬೇಕಾಗಿರಲಿಲ್ಲ."

ಅವಳು ನಗಲಿಲ್ಲ. ಅಪ್ಪ ಇತ್ತ ನೋಡುತ್ತಿದ್ದಾರೆಂದು ಗೊತ್ತಿದ್ದೂ ನಡುಗುತ್ತಿದ್ದ ಅವನ ಕೈ ಹಿಡಿದುಕೊಂಡಳು. ಅವಳ ಕೈಯೂ ತಣ್ಣಗಿತ್ತು.

"ನಂಗೂ ಭಯ ಕಣ್ರೀ," ಎಂದಳು. "ಆದ್ರೂ ಹೂಂ."