ಹೆಪ್ಪುಗಟ್ಟದ ರಕ್ತ

"ಪೊಟ್ಯಾಸಿಯಂ ಒಂಬತ್ತೂವರೆ! ರಿಪೋರ್ಟು ಸರಿಯಾಗಿದೆಯೇನಮ್ಮ? ಇದು ನಿಜ ಆದ್ರೆ ಮಗುವಿನ ಹೃದಯ ಯಾವ ಗಳಿಗೇಲಾದ್ರೂ ನಿಂತುಹೋಗುತ್ತೆ!"

ಮಕ್ಕಳ ಡಾಕ್ಟರು ಲ್ಯಾಬಿನ ಬಾಗಿಲು ತಳ್ಳಿಕೊಂಡೇ ಬಂದಿದ್ದರು. ಕಿರಿಯ ಟೆಕ್ನಿಷಿಯನ್ ಎದ್ದು ನಿಂತಳು. ಅಳೆದು ತೂಗಿ ಮಾತಾಡುವ ಅವಳನ್ನು ಎಲ್ಲರೂ ಮೌನಿ ಎನ್ನುತ್ತಿದ್ದರು.

"ಮೂರು ಸಲ ಮೆಷಿನ್ನಿಗೆ ಹಾಕಿದೆ ಸರ್. ಮೂರು ಸಲವೂ ಅದೇ ಬಂತು."

"ಹಾಗಾದ್ರೆ ಅಜ್ಜಿಯದೇ ಕೆಲಸ. ವಾಂತಿ ಶುರುವಾದಾಗಿನಿಂದ ಉಪ್ಪು-ಸಕ್ಕರೆ ನೀರು ಕುಡಿಸಿದ್ದಾರೆ. ಹಾಕಿದ್ದು ತಮ್ಮ ಬಿಪಿಗೆ ಅಂತ ತಂದ ಉಪ್ಪು! ಅದರಲ್ಲಿ ಪೊಟ್ಯಾಸಿಯಮ್ಮೇ ಜಾಸ್ತಿ. ಇಳಿಸೋ ಇಂಜೆಕ್ಷನ್ ತಯಾರಾಗ್ತಿದೆ."

ಒಳಮೇಜಿನಿಂದ ಲ್ಯಾಬಿನ ಮುಖ್ಯಸ್ಥೆ ಎದ್ದು ಬಂದರು. ಎಲ್ಲರೂ ಅವರನ್ನು ಎದುರಿಗೆ ಮೇಡಂ ಎಂದೂ ಬೆನ್ನ ಹಿಂದೆ ಭೂತಗನ್ನಡಿ ಎಂದೂ ಕರೆಯುತ್ತಿದ್ದರು. ಆಸ್ಪತ್ರೆಯಲ್ಲಿ ಲೆಕ್ಕ ತಪ್ಪಿದ್ದೆಲ್ಲ ಕೊನೆಗೆ ಅವರ ಮೇಜಿಗೇ ಬರುತ್ತಿತ್ತು.

"ಕ್ಯಾಲ್ಸಿಯಂ ಬರೀ ಎರಡೂವರೆ, ಒಂಬತ್ತರ ಮೇಲಿರಬೇಕಿತ್ತು," ಎಂದು ಅವರು ರಿಪೋರ್ಟು ಓದಿದರು. "ಮಗು ಏನು ಮಾಡ್ತಿದೆ?"

"ನನ್ನ ಸ್ಟೆತಸ್ಕೋಪ್ ಕಿತ್ಕೊಂಡು ನನ್ನನ್ನೇ ಪರೀಕ್ಷೆ ಮಾಡ್ತು."

"ಇಸಿಜಿ?"

"ಅದೇ ವಿಚಿತ್ರ. ಏನೂ ತೊಂದರೆ ಕಾಣ್ತಿಲ್ಲ."

"ಇಂಜೆಕ್ಷನ್ ತಡೀರಿ. ಪೊಟ್ಯಾಸಿಯಂ ನಿಜಕ್ಕೂ ಸರಿ ಇದ್ರೆ, ಆ ಇಂಜೆಕ್ಷನ್ನೇ ಮಗುವಿಗೆ ಮುಳುವಾಗುತ್ತೆ. ಮೌನಿ, ಆ ಮಗುವಿನ ಟ್ಯೂಬುಗಳು!"

ಟ್ಯೂಬು ಎರಡಿದ್ದವು. ಕೆಂಪು ಮುಚ್ಚಳದ್ದರಲ್ಲಿ ರಕ್ತ ಗುರುತಿನ ತನಕ ತುಂಬಿತ್ತು. ನೇರಳೆ ಮುಚ್ಚಳದ್ದರಲ್ಲಿ ತಳದಲ್ಲಷ್ಟೇ ಇತ್ತು. ಮೇಡಂ ಕೆಂಪನ್ನು ಓರೆ ಮಾಡಿದರು. ಹೆಪ್ಪುಗಟ್ಟಿರಬೇಕಿದ್ದ ತಳದ ರಕ್ತ ನೀರಿನಂತೆ ಹರಿಯಿತು.  ಮೌನಿ ಮೂರು ಸಲ ಮೆಷಿನ್ನನ್ನು ನೋಡಿದ್ದಳು, ಟ್ಯೂಬನ್ನು ಒಂದು ಸಲವೂ ನೋಡಿರಲಿಲ್ಲ.

ವಾರ್ಡಿನಲ್ಲಿ ಆರು ವರ್ಷದ ಹುಡುಗಿ ತಾಯಿಯ ತೊಡೆಯ ಮೇಲಿದ್ದಳು. ಅಜ್ಜಿ ದೂರದ ಕಿಟಕಿಯ ಬಳಿ ಒಬ್ಬರೇ ನಿಂತಿದ್ದರು.

"ಆ ಉಪ್ಪು ಬೇಡ ಅಂತ ಬಡ್ಕೊಂಡೆ," ಎನ್ನುತ್ತಿದ್ದಳು ತಾಯಿ. "ಇನ್ನು ಮಗೂನ ಮುಟ್ಟಬೇಡಿ ಅತ್ತೆ!"

ಅಜ್ಜಿ ಕಿಟಕಿಯ ಕಡೆಗೆ ಮುಖ ತಿರುಗಿಸಿಕೊಂಡರು. ಇಂಜೆಕ್ಷನ್ನಿನ ಟ್ರೇ ಹಿಡಿದಿದ್ದ ಸಿಸ್ಟರ್ ತಲೆ ತಗ್ಗಿಸಿದಳು.

"ಎಲ್ಲರೂ ಇಲ್ಲೇ ಬನ್ನಿ," ಎಂದು ಮೇಡಂ ಎರಡೂ ಟ್ಯೂಬುಗಳನ್ನು ಮಂಚದ ಮೇಲಿಟ್ಟರು. "ಅಜ್ಜಿ, ಆ ಉಪ್ಪನ್ನ ಇನ್ನು ಮಗುವಿಗೆ ಕೊಡಲೇಬೇಡಿ, ಅದು ತಪ್ಪು. ಆದರೆ ಆ ಉಪ್ಪು ಕ್ಯಾಲ್ಸಿಯಂನ ಹೀಗೆ ಪಾತಾಳಕ್ಕೆ ತಳ್ಳಲ್ಲ. ಎರಡನ್ನೂ ಕೆಡಿಸೋ ವಸ್ತು ಈ ಆಸ್ಪತ್ರೆಯಲ್ಲೇ ಇದೆ. ಈ ನೇರಳೆ ಟ್ಯೂಬಿನೊಳಗೆ, ರಕ್ತ ಹೆಪ್ಪುಗಟ್ಟದಿರಲಿ ಅಂತ ಒಂದು ಔಷಧಿ ಸವರಿರ್ತಾರೆ. ಅದೇ ಒಂದು ಪೊಟ್ಯಾಸಿಯಂ ಲವಣ. ಕ್ಯಾಲ್ಸಿಯಂ ಕಂಡ್ರೆ ಹಿಡಿದಿಟ್ಕೊಳ್ಳುತ್ತೆ."

"ಪೊಟ್ಯಾಸಿಯಂ ನೋಡಿದ್ದು ಕೆಂಪು ಟ್ಯೂಬಲ್ಲಲ್ವಾ?" ಎಂದರು ಡಾಕ್ಟರು.

"ಹೌದು. ಕೆಂಪಿನಲ್ಲಿ ಔಷಧಿ ಇರಲ್ಲ, ಅರ್ಧ ಗಂಟೇಲಿ ರಕ್ತ ಗಟ್ಟಿಯಾಗಬೇಕು. ಇದು ಎರಡು ಗಂಟೆಯಾದ್ರೂ ಹರೀತಿದೆ. ನೇರಳೆ ಖಾಲಿಯಾಗ್ತಾ ಬಂದಿದೆ, ಕೆಂಪು ತುಂಬಿದೆ. ಅಂದ್ರೆ ನೇರಳೆಯ ರಕ್ತ ಕೆಂಪಿಗೆ ಹೋಗಿದೆ. ಕಾಲಿಲ್ಲದ ರಕ್ತ ತಾನಾಗಿ ನಡೆಯಲ್ಲ. ಸಿಸ್ಟರ್?"

ಸಿಸ್ಟರ್ ಟ್ರೇಯನ್ನು ಮಂಚದ ಪಕ್ಕದಲ್ಲಿಟ್ಟಳು. "ನಾಲ್ಕು ಸಲ ಚುಚ್ಚಿದ್ದೆ ಮೇಡಂ. ಮಗು ಒದ್ದಾಡ್ತು. ನೇರಳೆ ಮೊದಲು ತುಂಬ್ತು, ಕೆಂಪಿಗೆ ನಾಲ್ಕು ಹನಿ ಬಂತು ಅಷ್ಟೆ. ಇನ್ನೊಂದು ಸಲ ಚುಚ್ಚಬೇಡಮ್ಮ ಅಂತ ಅಜ್ಜಿ ಕೈ ಹಿಡ್ಕೊಂಡ್ರು. ಒಂದೇ ಮಗುವಿನ ರಕ್ತ ತಾನೇ ಅಂತ ನೇರಳೆಯಿಂದ ಕೆಂಪಿಗೆ ಸುರಿದುಬಿಟ್ಟೆ."

"ಕರುಣೆ ತೋರ್ಸೋಕೆ ಹೋಗಿ ಮಗುವಿನ ಕುತ್ತಿಗೆಗೇ ತಂದಿದ್ರಿ," ಎಂದರು ಮೇಡಂ. ಆದರೆ ದನಿಯಲ್ಲಿ ಗದರಿಕೆ ಇರಲಿಲ್ಲ. "ಇನ್ನೊಂದು ಸಲ ರಕ್ತ ತೆಗೀಬೇಕು."

ಈ ಸಲ ಮೌನಿಯೇ ಸೂಜಿ ಹಿಡಿದಳು. ಕೆಂಪು ಟ್ಯೂಬು ಮೊದಲು. ಹೆಪ್ಪುಗಟ್ಟಲು ಬೇಕಾದ ಆ ಅರ್ಧ ಗಂಟೆ ವಾರ್ಡಿನಲ್ಲಿ ಯಾರೂ ಕೂರಲಿಲ್ಲ. ಕೊನೆಗೆ ರಿಪೋರ್ಟು ಬಂತು: ಪೊಟ್ಯಾಸಿಯಂ ನಾಲ್ಕು, ಕ್ಯಾಲ್ಸಿಯಂ ಒಂಬತ್ತೂವರೆ, ಎರಡೂ ಸರಿ. ಡಾಕ್ಟರು ಸಿರಿಂಜಿನ ಔಷಧಿಯನ್ನು ಸಿಂಕಿಗೆ ಚೆಲ್ಲಿದರು.

ತಾಯಿ ಕಿಟಕಿಯ ಬಳಿ ಹೋದಳು. "ಅತ್ತೆ, ನನ್ನ ಬಾಯಿಗೆ ಬುದ್ಧಿ ಇಲ್ಲ."

"ನನ್ನ ಕೈಗೂ ಇಲ್ಲ ಬಿಡು. ಆ ಉಪ್ಪು ಬೇಡ ಅಂದಾಗ್ಲೇ ಬಿಡ್ಬೇಕಿತ್ತು," ಎಂದು ಅಜ್ಜಿ ಕಣ್ಣೊರೆಸಿಕೊಂಡರು.

ಹುಡುಗಿ ಹತ್ತಿ ಒತ್ತಿ ಹಿಡಿದ ತೋಳನ್ನು ಎಲ್ಲರ ಮುಂದೆ ಚಾಚಿದಳು. "ತಪ್ಪು ನೀವೆಲ್ಲ ಮಾಡೋದು, ಸೂಜಿ ಮಾತ್ರ ನಂಗಾ?"