ಮಾವನ ಜೇಬಿನ ಫ್ಯೂಸು

"ಎರಡರಲ್ಲಿ ಒಂದಕ್ಕೆ ಇವತ್ತು ಸಹಿ ಬೀಳಲೇಬೇಕು" ಎಂದು ಗಂಡನ ಅಕ್ಕ ಊಟದ ಮೇಜಿನ ಮೇಲೆ ಎರಡು ಕಾಗದ ಇಟ್ಟಾಗ, ಸೊಸೆ ಇನ್ನೂ ತಳ ಹತ್ತಿದ ಹಾಲಿನ ಪಾತ್ರೆಯನ್ನು ಉಜ್ಜುತ್ತಿದ್ದಳು. ಮನೆಯ ತುಂಬ ಸುಟ್ಟ ವಾಸನೆ. ಕಿಟಕಿಗಳನ್ನೆಲ್ಲ ತೆರೆದಿಟ್ಟರೂ ಅದು ಪರದೆಗಳಲ್ಲಿ ಕೂತುಬಿಟ್ಟಿತ್ತು. ಮಾವ ಬೆಳಿಗ್ಗೆ ಗ್ಯಾಸ್ ಹಚ್ಚಿ ಹಾಲಿಟ್ಟು, ಹಾಲಿಟ್ಟಿದ್ದನ್ನೇ ಮರೆತು ಸ್ನಾನಕ್ಕೆ ಹೋಗಿದ್ದರು. ಸ್ನಾನಕ್ಕೆ ಹೋದದ್ದನ್ನೂ ಮರೆತು, ನಲ್ಲಿ ಬಿಟ್ಟುಕೊಂಡು ಸ್ನಾನದ ಮನೆಯ ಬಾಗಿಲಲ್ಲಿ ನಿಂತಿದ್ದರು. ಈ ತಿಂಗಳಲ್ಲಿ ಇದು ಮೂರನೆಯ ಸಲ.

ಅಕ್ಕ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ. ತವರಿಗೆ ಬಂದರೂ ಕೈಯಲ್ಲೊಂದು ಕೆಂಪು ಪೆನ್ನು ಇದ್ದೇ ಇರುತ್ತಿತ್ತು. ಅವಳು ಇಟ್ಟ ಮೊದಲ ಕಾಗದ ಊರಾಚೆಯ ವೃದ್ಧರ ಆರೈಕೆ ಕೇಂದ್ರದ ಅರ್ಜಿ. ಎರಡನೆಯದು ಸೊಸೆಯೇ ತರಿಸಿದ್ದು: ಮನೆಗೆ ಸ್ಮಾರ್ಟ್ ಹೋಮ್ ಸಾಮಾನು ಅಳವಡಿಸುವವನು ಬರೆದುಕೊಟ್ಟ ಖರ್ಚಿನ ಅಂದಾಜು. ಗ್ಯಾಸ್ ಸೋರಿದರೆ ತಾನಾಗಿ ಮುಚ್ಚಿಕೊಳ್ಳುವ ವಾಲ್ವು, ಮೂರು ಕ್ಯಾಮೆರಾ, ಹೊರಬಾಗಿಲಿಗೆ ಕರೆಂಟಿನಿಂದ ಹಿಡಿದುಕೊಳ್ಳುವ ಬೀಗ, ಬಾಗಿಲು ತೆರೆದರೆ ಕೆಲಸದಲ್ಲಿದ್ದವಳ ಫೋನಿಗೆ ಬರುವ ಸಂದೇಶ... ಎಲ್ಲಕ್ಕಿಂತ ಕೊನೆಯಲ್ಲಿ ಒಟ್ಟು ಮೊತ್ತ, ಒಂದು ಲಕ್ಷ ಎಪ್ಪತ್ತಾರು ಸಾವಿರ.

"ನಿನ್ನ ಹತ್ರ ಎಷ್ಟಿದೆ?" ಅಕ್ಕ ಕೇಳಿದಳು.

"ಒಂದು ಲಕ್ಷ ನಲವತ್ತೈದು."

ಗಂಡ ತಲೆಯೆತ್ತಿ ಹೆಂಡತಿಯ ಮುಖ ನೋಡಿದ. ಆ ಹಣ ಯಾವುದೆಂದು ಅವನಿಗೆ ಗೊತ್ತಿತ್ತು. ಅವಳು ಹಲ್ಲಿನ ಸೆಟ್ ತಯಾರಿಸುವ ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದಳು. ಪಿಂಗಾಣಿ ಹಲ್ಲು ಸುಡುವ ಪುಟ್ಟ ಕುಲುಮೆಯೊಂದನ್ನು ಸ್ವಂತಕ್ಕೆ ಕೊಳ್ಳಬೇಕು, ಹಿಂದಿನ ಕೋಣೆಯಲ್ಲೇ ಲ್ಯಾಬ್ ಇಟ್ಟುಕೊಳ್ಳಬೇಕು ಎಂದು ಹೊಟ್ಟೆ ಬಟ್ಟೆ ಕಟ್ಟಿ ಕೂಡಿಟ್ಟ ದುಡ್ಡು ಅದು. ಕೆಲಸ ಬಿಟ್ಟು ಮನೆಯಲ್ಲಿ ಕೂರುವ ಹಾಗಿರಲಿಲ್ಲ. ಬಸ್ ಓಡಿಸುವ ಗಂಡನ ಸಂಬಳ ಮನೆ ಸಾಲದ ಕಂತಿಗೇ ಸರಿಹೋಗುತ್ತಿತ್ತು.

"ಅಪ್ಪನ್ನ ಗೋಡೆಗೆ ಮೊಳೆ ಹೊಡೆದ ಯಂತ್ರಗಳ ಕೈಗೆ ಕೊಡ್ತೀಯಾ?" ಅಕ್ಕನ ಧ್ವನಿಯಲ್ಲಿ ಪಾಠ ಒಪ್ಪಿಸದ ಹುಡುಗಿಯನ್ನು ಕೇಳುವ ಗತ್ತಿತ್ತು. "ಕೇಂದ್ರದಲ್ಲಿ ನರ್ಸ್ ಇರ್ತಾರೆ, ಡಾಕ್ಟರ್ ಬರ್ತಾರೆ. ಅರ್ಧ ಫೀಸು ನಾನೇ ಕಟ್ತೀನಿ ಅಂತ ಹೇಳಿದ್ದೀನಿ. ಇನ್ನೇನು ಬೇಕು ನಿಂಗೆ?"

"ಅಕ್ಕ, ಅವರಿಗೆ ನಮ್ಮ ಹೆಸರು ಮರೆತಿದೆ. ಈ ಮನೆ ಮರೆತಿಲ್ಲ. ಎರಡು ದಿನ ಆಸ್ಪತ್ರೆಲಿ ಇಟ್ಟಾಗ ಎಷ್ಟು ಒದ್ದಾಡಿದ್ರು ನೀವೇ ನೋಡಿದ್ರಲ್ಲ. ನಾನು ಅವರಿಗೆ ಮಾತು ಕೊಟ್ಟಿದ್ದೀನಿ, ಎಲ್ಲಿಗೂ ಕಳಿಸಲ್ಲ ಅಂತ."

ಅಡಕತ್ತರಿಯಲ್ಲಿ ಸಿಕ್ಕ ಗಂಡ ಎರಡು ಕಾಗದಗಳನ್ನೂ ನೋಡದೆ ಲೋಟದ ಅಂಚನ್ನು ಸವರುತ್ತ ಕೂತಿದ್ದ. ಒಳಕೋಣೆಯಿಂದ ಮಾವನ ದನಿ ಬಂತು: "ಮಗಳೇ, ಎಲ್ಲರೂ ಇಳಿದ್ರಾ?"

"ಇಳಿದ್ರು ಮಾವ, ನೀವು ಮಲಗಿ" ಎಂದಳು ಸೊಸೆ. ಅದು ಆ ಮನೆಯಲ್ಲಿ ದಿನಕ್ಕೆ ಹತ್ತು ಸಲ ನಡೆಯುವ ಸವಾಲು ಜವಾಬು.

ಮಾವ ಮೂವತ್ತೆಂಟು ವರ್ಷ ವಿದ್ಯುತ್ ಕಂಬ ಹತ್ತಿದ ಲೈನ್‌ಮನ್. ಕೆಲಸಕ್ಕೆ ಸೇರಿದ ಹೊಸತರಲ್ಲಿ ಜೊತೆಗಾರನೊಬ್ಬ ಕಂಬದ ಮೇಲಿರುವಾಗ, ಕೆಳಗಿದ್ದವನು ಯಾರೂ ಇಲ್ಲವೆಂದುಕೊಂಡು ಫ್ಯೂಸು ಹಾಕಿಬಿಟ್ಟಿದ್ದ. ಜೊತೆಗಾರ ಉಳಿಯಲಿಲ್ಲ. ಅಂದಿನಿಂದ ಮಾವನಿಗೆ ಒಂದೇ ಮಂತ್ರ: ಮೇನ್ ಇಳಿಸಬೇಕು, ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಳ್ಳಬೇಕು, ಕೆಳಗಿಳಿಯುವವರೆಗೆ ಹೆತ್ತ ತಾಯಿ ಕೇಳಿದರೂ ಕೊಡಬಾರದು. ಕಂಬಕ್ಕೆ ಸರಿ, ಈ ಮನುಷ್ಯ ಮನೆಗೂ ಅದೇ ಕಾನೂನು ಮಾಡಿದ್ದರು. ಮನೆ ಬಿಟ್ಟು ಹೊರಡುವಾಗ ಮೇನ್ ಇಳಿಯಬೇಕು, ಫ್ಯೂಸು ಜೇಬಿಗೆ ಬರಬೇಕು. ಫ್ರಿಜ್ಜಿನಲ್ಲಿದ್ದದ್ದು ಕೆಟ್ಟರೆ ಕೆಡಲಿ! ಈ ಸೊಸೆ ಮದುವೆಯಾಗಿ ಬಂದ ಸಂಜೆ ಮನೆಯೆಲ್ಲ ಕಗ್ಗತ್ತಲು. ನೆಂಟರೆಲ್ಲ ಬಾಗಿಲಲ್ಲಿ ತಡಕಾಡುತ್ತಿದ್ದರೆ ಮಾವ ಹೊಸ ಕೋಟಿನ ಜೇಬಿನಿಂದ ಬಿಳಿ ಪಿಂಗಾಣಿಯ ಫ್ಯೂಸು ತೆಗೆದು, "ಎಲ್ಲರೂ ಬಂದ್ರಲ್ಲ, ಈಗ ಹಾಕ್ತೀನಿ" ಎಂದಿದ್ದರು. ನಕ್ಕು ನಕ್ಕು ಮದುಮಗಳ ಕಾಡಿಗೆ ಕರಗಿತ್ತು.

ಅಪ್ಪನಿಲ್ಲದೆ ಬೆಳೆದ ಹುಡುಗಿ ಅವಳು. ಮದುವೆಯಾದ ಮೇಲೆ ಹಲ್ಲಿನ ಕೆಲಸ ಕಲಿಯುತ್ತೇನೆ ಎಂದಾಗ ಮೂಗು ಮುರಿಯದಿದ್ದವರು ಮಾವ ಒಬ್ಬರೇ. ಪರೀಕ್ಷೆಯ ದಿನ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋಗಿ, ಮೂರು ಗಂಟೆ ಗೇಟಿನಲ್ಲಿ ಕಾದಿದ್ದರು. ಆ ಋಣ ಯಾವ ಅಂದಾಜು ಪಟ್ಟಿಯಲ್ಲೂ ಬರುವಂಥದ್ದಲ್ಲ.

"ಸರಿ" ಎಂದಳು ಅಕ್ಕ, ಕೆಂಪು ಪೆನ್ನನ್ನು ಮೇಜಿನ ಮೇಲೆ ಉರುಳಿಸಿ. "ನಿನ್ನ ಹಟವೇ ಗೆಲ್ಲಲಿ. ಆದ್ರೆ ಒಂದು ಮಾತು. ಒಂದೇ ಒಂದು ಸಲ ಅಪ್ಪ ಯಾರಿಗೂ ಗೊತ್ತಿಲ್ಲದೆ ಈ ಬಾಗಿಲು ದಾಟಿದ್ರೆ, ಅವತ್ತು ಈ ಅರ್ಜಿಗೆ ನೀನೇ ಸಹಿ ಹಾಕ್ಬೇಕು. ನನ್ನ ತಮ್ಮನಲ್ಲ. ನೀನು."

"ಹಾಕ್ತೀನಿ" ಎಂದಳು ಸೊಸೆ.

ಅಳವಡಿಸುವವನು ಮರುದಿನ ಬಂದ. ಮಾತು ಮೆತ್ತಗಿನ, ಕೆಲಸ ಗೊತ್ತಿದ್ದ ಮನುಷ್ಯ. ಮೂವತ್ತೊಂದು ಸಾವಿರ ಕಡಿಮೆ ಬೀಳುತ್ತದೆ, ಏನನ್ನು ಬಿಡಬಹುದು ಎಂದು ಅವಳು ಕೇಳಿದಾಗ ಅವನು ಪಟ್ಟಿಯ ಮೇಲೆ ಬೆರಳಿಟ್ಟ. "ಮಾತಾಡೋ ಪೆಟ್ಟಿಗೆ ಬಿಡಿ, ಸ್ನಾನದ ಮನೆ ಸೆನ್ಸರ್ ಬಿಡಿ. ಎರಡೂ ಸೇರಿ ಮೂವತ್ತನಾಲ್ಕು ಉಳಿಯುತ್ತೆ."

ಮಾತಾಡುವ ಪೆಟ್ಟಿಗೆ ಎಂದರೆ ಗೋಡೆಗೆ ಕೂರಿಸುವ ಸ್ಪೀಕರು. ಅದಿದ್ದರೆ ಲ್ಯಾಬಿನಿಂದಲೇ ಅವಳು "ಮಾವ, ಮಾತ್ರೆ ತಗೊಂಡ್ರಾ?" ಎಂದು ಕೇಳಬಹುದು. ಇಡೀ ಪಟ್ಟಿಯಲ್ಲಿ ಅವಳಿಗೆ ಆಸೆ ಹುಟ್ಟಿಸಿದ್ದೇ ಅದೊಂದು. ಸ್ನಾನದ ಮನೆಯಲ್ಲಿ ಜಾರಿದರೆ ತಿಳಿಸುವುದನ್ನಂತೂ ಬಿಡುವ ಮಾತೇ ಇಲ್ಲ.

"ಈ ಬ್ಯಾಟರಿ ಯಾಕೆ? ಇದೊಂದಕ್ಕೇ ಮೂವತ್ತೊಂದು ಸಾವಿರ ಇದೆಯಲ್ಲ."

"ಕರೆಂಟ್ ಹೋದಾಗ ಎಲ್ಲಾ ನಡೀಬೇಕಲ್ಲ ಮೇಡಂ. ಇಲ್ಲಾಂದ್ರೆ ಕ್ಯಾಮೆರಾ ಇಲ್ಲ, ಸಂದೇಶ ಇಲ್ಲ. ಬಾಗಿಲ ಬೀಗಾನೂ ಬಿಟ್ಕೊಳ್ಳುತ್ತೆ. ಬೆಂಕಿ ಗಿಂಕಿ ಬಿದ್ರೆ ಒಳಗಿದ್ದವರು ಸಿಕ್ಕಿಹಾಕ್ಕೋಬಾರದು ಅಂತ ಅದನ್ನ ಹಾಗೇ ಮಾಡಿರ್ತಾರೆ. ನನ್ನ ಕೇಳಿದ್ರೆ ಬ್ಯಾಟರಿ ಬಿಡಬೇಡಿ."

"ನಮ್ಮ ಬೀದೀಲಿ ಕರೆಂಟ್ ಹೋಗೋದೇ ವರ್ಷಕ್ಕೊಂದು ಸಲ" ಎಂದಳು ಅವಳು. ಅದು ಸುಳ್ಳೂ ಆಗಿರಲಿಲ್ಲ. ಅಕ್ಕ ಬಿಟ್ಟುಹೋಗಿದ್ದ ಕೆಂಪು ಪೆನ್ನು ಅಲ್ಲೇ ಇತ್ತು. ಅದನ್ನೇ ತೆಗೆದುಕೊಂಡು ಬ್ಯಾಟರಿಯ ಸಾಲಿನ ಮೇಲೆ ನೇರವಾಗಿ ಒಂದು ಗೆರೆ ಎಳೆದಳು. ಲೆಕ್ಕ ಒಂದು ಲಕ್ಷ ನಲವತ್ತೈದಕ್ಕೆ ಕರಾರುವಾಕ್ಕಾಗಿ ನಿಂತಿತು. ಅವಳಿಗೆ ಎಷ್ಟೋ ದಿನಗಳ ಮೇಲೆ ಉಸಿರು ಹಗುರವಾಯಿತು.

ಕೆಲಸ ನಡೆದ ದಿನ ಇನ್ನೊಂದು ತಮಾಷೆಯೂ ನಡೆಯಿತು. ಅಳವಡಿಸುವವನು ಮೇನ್ ಬೋರ್ಡಿಗೆ ಕೈ ಹಾಕುವಷ್ಟರಲ್ಲಿ ಮಾವ ಎಲ್ಲಿದ್ದರೋ, ಬಂದು ಅಡ್ಡ ನಿಂತರು. ಸೊಸೆಯ ಹೆಸರು ನೆನಪಿಲ್ಲದ ಆ ಮುದುಕ ಒಂದಿಷ್ಟೂ ತಡವರಿಸದೆ ಮೇನ್ ಇಳಿಸಿ, ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡು ಕುರ್ಚಿಯಲ್ಲಿ ಕೂತರು. ಸಂಜೆ ಏಣಿಯಿಂದ ಕೊನೆಯವನು ಇಳಿದ ಮೇಲೆಯೇ ಅದನ್ನು ಹೊರಗೆ ತೆಗೆದದ್ದು. "ನಮ್ಮ ಕಂಪನಿಗೆ ಇಂಥವರೊಬ್ಬರು ಬೇಕಿತ್ತು" ಎಂದು ಅಳವಡಿಸುವವನು ನಕ್ಕ. ಸೊಸೆಯೂ ಮನಸಾರೆ ನಕ್ಕಳು. ಎರಡು ವರ್ಷದಿಂದ ಮಾವನನ್ನು ಒಂಟಿಯಾಗಿ ಹೊರಗೆ ಬಿಟ್ಟದ್ದೇ ಇಲ್ಲವಾದ್ದರಿಂದ ಮನೆಯ ಮೇನ್ ಇಳಿದದ್ದೂ ಇರಲಿಲ್ಲ. ಕಣ್ಣೆದುರಿಗೇ ನಡೆದರೂ ಅವಳಿಗೆ ಹೊಳೆಯಲಿಲ್ಲ... ಮರೆವಿನ ರೋಗ ಮಾವನಿಗೆ. ಮರೆತವಳು ಸೊಸೆ!

ಇಪ್ಪತ್ತಮೂರು ದಿನ ಎಲ್ಲವೂ ಚೆನ್ನಾಗಿತ್ತು. ಬೆಳಿಗ್ಗೆ ಗಂಡ ಬಸ್ಸಿಗೆ ಹೋಗುತ್ತಿದ್ದ, ಅವಳು ಲ್ಯಾಬಿಗೆ. ಮಧ್ಯಾಹ್ನ ಒಂದು ಗಂಟೆಗೆ ಪಕ್ಕದ ಮನೆಯಾಕೆ ಬಂದು ಊಟ ಬಡಿಸುತ್ತಿದ್ದಳು. ನಡುನಡುವೆ ಸೊಸೆ ಪಿಂಗಾಣಿ ಪುಡಿ ಮೆತ್ತಿದ ಕೈ ತೊಳೆದು ಫೋನು ಹಿಡಿದರೆ, ಕುರ್ಚಿಯಲ್ಲಿ ಕೂತ ಮಾವ ಕಾಣುತ್ತಿದ್ದರು. ಮಾತಾಡಿಸಿದರೆ ಗೋಡೆಯ ಕಡೆ ತಿರುಗಿ, "ಹೂಂ ಮಗಳೇ, ಅಲ್ಲೇನು ಮಾಡ್ತಿದ್ದೀಯ, ಈಚೆ ಬಾ" ಎನ್ನುತ್ತಿದ್ದರು. ಅದನ್ನು ಕೇಳಿ ಲ್ಯಾಬಿನಲ್ಲಿ ಜೊತೆಗಿದ್ದವರೂ ನಗುತ್ತಿದ್ದರು.

ಇಪ್ಪತ್ನಾಲ್ಕನೆಯ ದಿನ ತುರ್ತು ಕೆಲಸವಿತ್ತು. ಆರು ಹಲ್ಲು ಜೋಡಿಸಿದ ಸೆಟ್ಟೊಂದು ಸಂಜೆಯೊಳಗೆ ಹೋಗಬೇಕಿತ್ತು. ಮಾತಾಡಿಸಲು ಬಿಡುವಾಗಲಿಲ್ಲ, ಆದರೂ ಹತ್ತೂವರೆಗೆ ಒಮ್ಮೆ ಫೋನು ನೋಡಿದಳು. ಮಾವ ಕುರ್ಚಿಯಲ್ಲಿದ್ದರು. ಹನ್ನೊಂದೂವರೆಗೆ ನೋಡಿದಳು, ಕುರ್ಚಿಯಲ್ಲೇ ಇದ್ದರು. ಹನ್ನೆರಡೂವರೆಗೂ ಹಾಗೇ, ಕೈ ಮೊಣಕಾಲ ಮೇಲೆ, ಮುಖ ಕಿಟಕಿಯ ಕಡೆ. ಪಾಪ, ಇವತ್ತು ಎಷ್ಟು ಶಾಂತವಾಗಿ ಕೂತಿದ್ದಾರೆ ಎಂದುಕೊಂಡಳು. ಚಿತ್ರದ ಮೂಲೆಯ ಹಸಿರು ಚುಕ್ಕೆ ಬೂದು ಬಣ್ಣಕ್ಕೆ ತಿರುಗಿತ್ತು. ಹಾಗಾದರೆ ಅದು ಹಳೆಯ ಚಿತ್ರ ಎಂದು ಅಳವಡಿಸುವವನು ಹೇಳಿಕೊಟ್ಟಿದ್ದ. ಆದರೆ ಅವಳು ಮಾವನನ್ನು ನೋಡಿದಳೇ ಹೊರತು ಚುಕ್ಕೆಯನ್ನು ನೋಡಲಿಲ್ಲ.

ಒಂದು ಗಂಟೆಗೆ ಪಕ್ಕದ ಮನೆಯಾಕೆಯ ಫೋನು ಬಂತು. "ನಿಮ್ಮ ಮಾವನ್ನ ಎಲ್ಲಿಗಾದ್ರೂ ಕರ್ಕೊಂಡು ಹೋಗಿದ್ದೀರಾ? ಬಾಗಿಲು ತೆರೆದಿದೆ... ಮನೇಲಿ ಕರೆಂಟೂ ಇಲ್ಲ."

"ಇಲ್ಲಾರೀ, ಕೂತಿದ್ದಾರಲ್ಲ..." ಎನ್ನುತ್ತ ಅವಳು ಮತ್ತೆ ಫೋನು ನೋಡಿದಳು. ಮಾವ ಇನ್ನೂ ಕೂತೇ ಇದ್ದರು. ಆಗ ಅವಳ ಕಣ್ಣು ಮೂಲೆಯ ಬೂದು ಚುಕ್ಕೆಯ ಮೇಲೆ ಬಿತ್ತು.

ಮಾವ ಸಿಕ್ಕಿದ್ದು ನಾಲ್ಕು ಗಂಟೆಗೆ, ಮೂರು ಮೈಲಿ ಆಚೆ, ಗೋದಾಮುಗಳ ಹಿಂದಿನ ಬೀದಿಯ ಕಂಬದ ಬುಡದಲ್ಲಿ. ಹಳೆಯ ಪಕ್ಕಡು, ಸ್ಕ್ರೂಡ್ರೈವರಿನ ಚೀಲ ಹೆಗಲಲ್ಲಿತ್ತು. ಡ್ಯೂಟಿಗೆ ಹೊರಟಿದ್ದರು! ಆಳೆತ್ತರ ಹತ್ತಿ ಬಿದ್ದಿದ್ದರಂತೆ. ಹುಬ್ಬು ಒಡೆದಿತ್ತು, ಎಡ ಮಣಿಕಟ್ಟು ಮುರಿದು ನೇತಾಡುತ್ತಿತ್ತು. ಬಲಗೈ ಮಾತ್ರ ಜೇಬಿನೊಳಗಿತ್ತು. ಆಸ್ಪತ್ರೆಯಲ್ಲಿ ನರ್ಸ್ ಆ ಮುಷ್ಟಿ ಬಿಡಿಸಲು ಹೋದರೆ, "ಮೇಲೆ ಜನ ಇದ್ದಾರೆ, ಕೊಡಲ್ಲ" ಎಂದು ಇದ್ದ ಶಕ್ತಿಯನ್ನೆಲ್ಲ ಹಾಕಿ ತಡೆದರು. ಸಂದಿಯಿಂದ ಬಿಳಿ ಪಿಂಗಾಣಿ ಇಣುಕುತ್ತಿತ್ತು. ಅದನ್ನು ಕಂಡಾಗಲೇ ಸೊಸೆಗೆ ಎಲ್ಲ ಅರ್ಥವಾದದ್ದು. ತಾನು ಎಳೆದ ಕೆಂಪು ಗೆರೆ ನೆನಪಾಗಿ ಅವಳು ಅಲ್ಲೇ ಕಾರಿಡಾರಿನ ನೆಲದ ಮೇಲೆ ಕೂತಳು.

"ನಾನೇ ರೀ... ಆ ಸಾಲು ನಾನೇ ಹೊಡೆದುಹಾಕಿದ್ದು. ಬ್ಯಾಟರಿ ಬೇಡ ಅಂದೆ. ನನ್ನ ದನಿ ಕೇಳಿಸ್ಲಿ ಅಂತ..."

ಗಂಡ ಅವಳ ಪಕ್ಕ ಕೂತ. ಸಮವಸ್ತ್ರದ ಅಂಗಿ ಬೆವರಿಗೆ ಅಂಟಿಕೊಂಡಿತ್ತು. ಅವನೂ ಅಪ್ಪನ ಜೇಬಿನ ಕಥೆಯನ್ನು ಹುಟ್ಟಿದಾರಭ್ಯ ಬಲ್ಲವನೇ. ಅವನಿಗೂ ಹೊಳೆದಿರಲಿಲ್ಲ.

ಅಕ್ಕ ಕೂಗಾಡುತ್ತಾಳೆ ಎಂದುಕೊಂಡಿದ್ದರು. ಅವಳು ಕೂಗಾಡಲಿಲ್ಲ. ಆರನೆಯ ದಿನ ಬಂದು, ಅರ್ಜಿಯನ್ನು ಬಿಚ್ಚಿ, ಅದೇ ಮೇಜಿನ ಮೇಲೆ ಇಟ್ಟಳು. "ಸತ್ತೇ ಹೋಗಿದ್ರೆ?" ಎಂದಷ್ಟೇ ಕೇಳಿದಳು. ಅವಳ ಕಣ್ಣುಗಳೂ ಅತ್ತು ಊದಿದ್ದವು.

"ಈಗ ಬ್ಯಾಟರಿ ಹಾಕಿಸ್ತೀನಿ ಅಕ್ಕ. ಸಾಲ ಮಾಡಿಯಾದ್ರೂ..."

"ಮಾತು ಕೊಟ್ಟಿದ್ದೆ ನೀನು."

ಕೊಟ್ಟಿದ್ದಳು. ಮಾವನಿಗೆ ಒಂದು ಮಾತು, ಅವರ ಮಗಳಿಗೆ ಒಂದು ಮಾತು. ಎರಡನ್ನೂ ಉಳಿಸಿಕೊಳ್ಳುವ ದಾರಿ ಇರಲಿಲ್ಲ. ಮತ್ತೊಮ್ಮೆ ತನ್ನ ಲೆಕ್ಕವನ್ನು ನಂಬುವ ಧೈರ್ಯವೂ ಅವಳಲ್ಲಿ ಉಳಿದಿರಲಿಲ್ಲ. 'ಈವರೆಗೆ ನೋಡಿಕೊಂಡವರ ಸಹಿ' ಎಂದಿದ್ದ ಜಾಗದಲ್ಲಿ ಅವಳು ಹೆಸರು ಬರೆದಳು. ಕಣ್ಣೀರಿಗೆ ಅಕ್ಷರ ಹರಡಿತು. ಅಕ್ಕ ಅದನ್ನು ಸೆರಗಿನ ತುದಿಯಿಂದ ಒತ್ತಿ ಒರೆಸಿದಳು.

ಕರೆದೊಯ್ಯುವ ಗಾಡಿ ಮರುದಿನ ಮಧ್ಯಾಹ್ನ ಮೂರಕ್ಕೆ ಬಂತು. ಅಕ್ಕ, ಗಂಡ ಬಟ್ಟೆಯ ಪೆಟ್ಟಿಗೆಗಳನ್ನು ಗಾಡಿಗೆ ಹಾಕುತ್ತಿದ್ದರು. ಸೊಸೆ ಮಾವನ ತಲೆ ಬಾಚಿ, ಇಸ್ತ್ರಿಯ ಅಂಗಿ ತೊಡಿಸಿ, ಎಡಗೈಯ ಪಟ್ಟಿಯನ್ನು ಸರಿಮಾಡಿ ಹೊರಡಿಸಿದಳು. ಬಾಗಿಲ ಹತ್ತಿರ ಬರುತ್ತಿದ್ದಂತೆ ಮಾವ ನಿಂತರು. ತಿರುಗಿ ಬೋರ್ಡಿನ ಬಳಿ ಹೋಗಿ, ಬಲಗೈಯಿಂದ ಮೇನ್ ಇಳಿಸಿ, ಫ್ಯೂಸು ಕಿತ್ತರು. ಗೋಡೆಯ ಮೇಲಿನ ಹಸಿರು ದೀಪಗಳೆಲ್ಲ ಒಟ್ಟಿಗೇ ಆರಿದವು. ತಡೆಯಲು ಅವಳಿಗೆ ಮನಸ್ಸು ಬರಲಿಲ್ಲ.

ಅಂಗಿಯ ಜೇಬು ಎಡಕ್ಕಿತ್ತು, ಅದರ ಮೇಲೆ ಮುರಿದ ಕೈಯ ಪಟ್ಟಿ. ಎರಡು ಸಲ ಪ್ರಯತ್ನಪಟ್ಟರೂ ಫ್ಯೂಸು ಜೇಬಿಗೆ ಇಳಿಯಲಿಲ್ಲ. ಮಾವ ಸ್ವಲ್ಪ ಹೊತ್ತು ಅದನ್ನೇ ನೋಡಿದರು, ಆಮೇಲೆ ಅವಳ ಮುಖ ನೋಡಿದರು. ಮೂವತ್ತೆಂಟು ವರ್ಷದಲ್ಲಿ ಯಾರಿಗೂ ಕೊಡದಿದ್ದುದನ್ನು ಅವಳ ಅಂಗೈಯಲ್ಲಿಟ್ಟು ಬೆರಳುಗಳನ್ನು ಒಂದೊಂದಾಗಿ ಮಡಚಿದರು.

"ನಾನು ಮೇಲೆ ಹೋಗ್ತಿದ್ದೀನಿ ಮಗಳೇ. ಇದು ನಿನ್ನ ಹತ್ರ ಇರ್ಲಿ. ನಾನು ಇಳಿಯೋವರೆಗೂ ಯಾರು ಕೇಳಿದ್ರೂ ಕೊಡ್ಬೇಡ."

"ಕೊಡಲ್ಲ ಮಾವ" ಎಂದಳು. ಗಾಡಿ ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೂ ಮಾವ ಹಿಂದಿನ ಗಾಜಿನಿಂದ ಅವಳ ಮುಖವನ್ನಲ್ಲ, ಮುಚ್ಚಿದ ಮುಷ್ಟಿಯನ್ನು ನೋಡುತ್ತಿದ್ದರು.

ಗಂಡ ಅಪ್ಪನನ್ನು ಬಿಟ್ಟು ಹಿಂದಿರುಗುವಾಗ ಕತ್ತಲಾಗಿತ್ತು. ಬೀದಿಯ ಎಲ್ಲ ಮನೆಗಳಲ್ಲೂ ದೀಪವಿತ್ತು, ತನ್ನ ಮನೆಯೊಂದನ್ನು ಬಿಟ್ಟು. ಬಾಗಿಲು ತೆರೆದೇ ಇತ್ತು. ತಡಕಾಡುತ್ತ ಒಳಗೆ ಬಂದವನಿಗೆ ಅಪ್ಪನ ಕುರ್ಚಿಯಲ್ಲಿ ಕೂತ ಹೆಂಡತಿ ನೆರಳಿನಂತೆ ಕಂಡಳು.

"ಯಾಕೆ ಹೀಗೆ ಕೂತಿದ್ದೀಯ? ಫ್ಯೂಸ್ ಎಲ್ಲಿ? ಕೊಡು, ಹಾಕ್ತೀನಿ."

ಅವಳು ಮುಷ್ಟಿಯನ್ನು ಎದೆಗೊತ್ತಿಕೊಂಡಳು.

"ಬೇಡ ರೀ... ಮಾವ ಇನ್ನೂ ಇಳಿದಿಲ್ಲ."